ಓದುಗರ ಪ್ರಶ್ನೆ: ಬೀರುವಿನಿಂದ ಹೊರಬಂದ ಪಿಎಸ್‌ಪಿ – ಮೊದಲು ಕರೆಂಟು, ಆಮೇಲೆ ಕಾರ್ಡು, ಕೊನೆಗೆ ಸಾಫ್ಟ್‌ವೇರು

ಕೈಯಲ್ಲಿ ಹಿಡಿದು ಆಡುವ ಸೋನಿ ಕಂಪನಿಯ ಆಟದ ಯಂತ್ರ ಪ್ಲೇಸ್ಟೇಷನ್ ಪೋರ್ಟಬಲ್, ಅಂದರೆ ಎಲ್ಲರ ಬಾಯಲ್ಲಿ ಪಿಎಸ್‌ಪಿ, 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು, 2014ರಲ್ಲಿ ನಿಂತುಹೋಯಿತು. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಅದರ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ‘ಸಾಫ್ಟ್‌ವೇರ್ ಹೋಗಿದೆ’ ಎಂದು ಬರೆದಿರುವ ಹೆಚ್ಚಿನ ಪತ್ರಗಳಲ್ಲಿ ತೊಂದರೆಯ ಬೇರು ಇರುವುದು ಬ್ಯಾಟರಿಯಲ್ಲಿ, ಇಲ್ಲವೇ ಮೆಮೊರಿ ಕಾರ್ಡಿನಲ್ಲಿ. ಅದಕ್ಕೇ ಉತ್ತರಗಳನ್ನೂ ಆ ಕ್ರಮದಲ್ಲೇ ಇಟ್ಟಿದ್ದೇವೆ.

ಪ್ರಶ್ನೆ: ಅಣ್ಣ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಅವನ ಪಿಎಸ್‌ಪಿ ವರ್ಷಗಟ್ಟಲೆ ಬೀರುವಿನಲ್ಲೇ ಇತ್ತು. ಈಗ ತೆಗೆದು ನೋಡಿದರೆ ಹಿಂದಿನ ಬ್ಯಾಟರಿ ಮುಚ್ಚಳ ಮೇಲೆದ್ದಿದೆ, ಆನ್ ಆಗುವುದಿಲ್ಲ. ಒಮ್ಮೆ ಚಾರ್ಜಿಗೆ ಹಾಕಿ ನೋಡಲೇ? (ಸಕಲೇಶಪುರ)

ಉತ್ತರ: ಖಂಡಿತ ಹಾಕಬೇಡಿ. ಮುಚ್ಚಳ ಎದ್ದಿದೆ ಎಂದರೆ ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿದೆ. ಅದಕ್ಕೆ ಮತ್ತೆ ಕರೆಂಟು ಕೊಟ್ಟರೆ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಮುಚ್ಚಳ ಜಾರಿಸಿ ಬ್ಯಾಟರಿಯನ್ನು ಕೈಯಿಂದಲೇ ನಿಧಾನವಾಗಿ ಎತ್ತಿ. ಬಿಗಿಯಾಗಿದ್ದರೆ ಸ್ಕ್ರೂಡ್ರೈವರಿನ ಮೊನೆ ಹಾಕಿ ಮೀಟಬೇಡಿ. ತೆಳುವಾದ ಪ್ಲಾಸ್ಟಿಕ್ ಪಟ್ಟಿ, ಹಳೆಯ ಸಿಮ್ ಕಾರ್ಡಿನ ಚೌಕಟ್ಟು ಇಂಥದ್ದನ್ನು ಬಳಸಿ. ಚುಚ್ಚುವುದು, ಒತ್ತಿ ಚಪ್ಪಟೆ ಮಾಡುವುದು ಎರಡೂ ಅಪಾಯ. ತೆಗೆದ ಬ್ಯಾಟರಿಯ ಲೋಹದ ತುದಿಗಳ ಮೇಲೆ ಇನ್ಸುಲೇಷನ್ ಟೇಪು ಅಂಟಿಸಿ, ಒಣ ಮರಳಿರುವ ಡಬ್ಬದಲ್ಲಿ ಮನೆಯ ಹೊರಗೆ, ಮಳೆ ಬೀಳದ ಕಡೆ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ. ಕಸದ ಗಾಡಿಗೆ ಹಾಕಿದರೆ ಅಲ್ಲಿ ಅದನ್ನು ಒತ್ತುವವರ ಕೈಗೆ ಅಪಾಯ.

ಇಷ್ಟಾದ ಮೇಲೆ ಯಂತ್ರ ಬದುಕಿದೆಯೇ ಎಂದು ತಿಳಿಯಲು ಹೊಸ ಬ್ಯಾಟರಿ ಬರುವವರೆಗೆ ಕಾಯಬೇಕಿಲ್ಲ. ಪಿಎಸ್‌ಪಿ ಬ್ಯಾಟರಿ ಇಲ್ಲದೆಯೂ ಅಡಾಪ್ಟರ್ ಮೇಲೆ ನೇರವಾಗಿ ಓಡುತ್ತದೆ. ಬೇಕಾದದ್ದು 5 ವೋಲ್ಟ್ ಡಿಸಿ, ನಡುವಿನ ಕಡ್ಡಿ ಪ್ಲಸ್, ಪಿನ್ನಿನ ಹೊರ ವ್ಯಾಸ 4.0 ಮಿಮೀ, ಒಳ ವ್ಯಾಸ 1.7 ಮಿಮೀ. ಮೊದಲ ಮಾದರಿಯ ಅಡಾಪ್ಟರ್ 2 ಆಂಪಿಯರಿನದು, ನಂತರದ ತೆಳು ಮಾದರಿಗಳದ್ದು 1.5 ಆಂಪಿಯರಿನದು. 2 ಆಂಪಿಯರಿನದನ್ನು ಯಾವುದಕ್ಕೆ ಹಾಕಿದರೂ ತೊಂದರೆಯಿಲ್ಲ, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಆದರೆ ವೋಲ್ಟೇಜ್ ವಿಷಯದಲ್ಲಿ ರಾಜಿ ಬೇಡ. ವೈಫೈ ರೂಟರಿನ, ಸೆಟ್-ಟಾಪ್ ಬಾಕ್ಸಿನ ಅಡಾಪ್ಟರುಗಳು ಸಾಮಾನ್ಯವಾಗಿ 9 ಅಥವಾ 12 ವೋಲ್ಟಿನವು. ಪಿನ್ನು ಹೇಗೋ ತುರುಕಿ ಹಾಕಿದರೆ ಬೋರ್ಡು ಸುಡುತ್ತದೆ. ಮೂಲ ಅಡಾಪ್ಟರ್ ಕಳೆದಿದ್ದರೆ, ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ 4.0 x 1.7 ಪಿನ್ನು ಇರುವ ಕೇಬಲ್ ತರಿಸಿ ಮೊಬೈಲಿನ 5 ವೋಲ್ಟ್ ಚಾರ್ಜರಿಗೆ ಹಾಕಿ. ಮಲೆನಾಡಿನ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬರುವಾಗ ವೋಲ್ಟೇಜ್ ಏರಿಳಿಯುವುದರಿಂದ ಬ್ಯಾಟರಿ ಇಲ್ಲದೆ ಆಡುವುದು ಪರೀಕ್ಷೆಗೆ ಮಾತ್ರ ಇರಲಿ. ಆಟ ಉಳಿಸುವ ಹೊತ್ತಿಗೆ ಕರೆಂಟು ಹೋದರೆ ಸೇವ್ ಕಡತ ಕೆಡುತ್ತದೆ.

ಅಡಾಪ್ಟರ್ ಸರಿಯಿದ್ದೂ ಹಸಿರು ದೀಪ ಬರದಿದ್ದರೆ ಪವರ್ ಜಾಕಿನ ಕಾಲುಗಳ ಬೆಸುಗೆ ಬಿಟ್ಟಿರಬಹುದು, ಅಥವಾ ಜಾಕಿನ ಹತ್ತಿರದ ಪುಟ್ಟ ಫ್ಯೂಸ್ ಹೋಗಿರಬಹುದು. ಹಾಸನದ ಬಿ.ಎಂ. ರಸ್ತೆಯಂಥ ಕಡೆ ಮೊಬೈಲ್ ಬೋರ್ಡ್ ಕೆಲಸ ಮಾಡುವವರಲ್ಲಿ ಮಲ್ಟಿಮೀಟರ್, ಬಿಸಿಗಾಳಿ ಯಂತ್ರ ಎರಡೂ ಇರುತ್ತವೆ. ‘ಫ್ಯೂಸ್ ಕಂಟಿನ್ಯುಟಿ ನೋಡಿ’ (ಅಂದರೆ ಫ್ಯೂಸಿನಲ್ಲಿ ಕರೆಂಟು ಹಾಯುತ್ತದೆಯೇ) ಎಂದು ನಿಖರವಾಗಿ ಹೇಳಿ. ಫ್ಯೂಸಿನ ಜಾಗಕ್ಕೆ ತಂತಿ ಬೆಸೆಯಲು ಬಿಡಬೇಡಿ, ಅಷ್ಟೇ ಆಂಪಿಯರಿನ ಫ್ಯೂಸನ್ನೇ ಹಾಕಿಸಿ.

ಇನ್ನು ಹೊಸ ಬ್ಯಾಟರಿ. ದಪ್ಪನೆಯ 1000 ಮಾದರಿಗೆ 3.6 ವೋಲ್ಟ್ 1800 ಎಂಎಎಚ್, 2000 ಮತ್ತು 3000ಕ್ಕೆ 3.6 ವೋಲ್ಟ್ 1200 ಎಂಎಎಚ್. ಇದೇ ಅಳತೆಯ ಬ್ಯಾಟರಿಯ ಮೇಲೆ 3600 ಎಂದು ಅಚ್ಚು ಹಾಕಿದ್ದರೆ ನಂಬಬೇಡಿ, ಅಷ್ಟು ಶಕ್ತಿ ಆ ಜಾಗದಲ್ಲಿ ಹಿಡಿಯುವುದಿಲ್ಲ. 1800ರ ದಪ್ಪ ಬ್ಯಾಟರಿಯನ್ನು ತೆಳು ಮಾದರಿಗೂ ಹಾಕಬಹುದು, ಅದಕ್ಕೆ ಉಬ್ಬಿದ ಮುಚ್ಚಳ ಬೇರೆಯೇ ಸಿಗುತ್ತದೆ. ಹೆಚ್ಚು ಹೊತ್ತು ಆಡುವವರಿಗೆ ಇದು ಒಳ್ಳೆಯ ದಾರಿ. ಚಾರ್ಜ್ ಆಗುವಾಗ ಕಿತ್ತಳೆ ದೀಪ ಇರುತ್ತದೆ, ತುಂಬಿದ ಮೇಲೆ ಆರುತ್ತದೆ. ಹಸಿರು ದೀಪ ಮಿನುಗಿದರೆ ಬ್ಯಾಟರಿ ಮುಗಿಯುತ್ತ ಬಂದಿದೆ ಎಂದರ್ಥ.

ಪ್ರಶ್ನೆ: ಹಳೆಯದೊಂದನ್ನು ಕೊಳ್ಳಬೇಕೆಂದಿದ್ದೇನೆ. 1000, 2000, 3000, ಗೋ, ಸ್ಟ್ರೀಟ್ ಎಂದು ಐದು ಹೆಸರು ಹೇಳುತ್ತಾರೆ. ಯಾವುದು ತೆಗೆದುಕೊಳ್ಳಲಿ, ಕೈಗೆ ಕೊಟ್ಟಾಗ ಏನು ನೋಡಲಿ? (ಕಡೂರು)

ಉತ್ತರ: ಮೊದಲ ಸಲ ಕೊಳ್ಳುವವರಿಗೆ 3000 ಅಥವಾ 2000. ಎರಡರಲ್ಲೂ 64 ಎಂಬಿ ರ‍್ಯಾಮ್ ಇದೆ, 1000ದಲ್ಲಿ 32 ಮಾತ್ರ. ಕೆಲವು ಹೋಮ್‌ಬ್ರೂ (ಹವ್ಯಾಸಿಗಳು ಬರೆದ) ತಂತ್ರಾಂಶಗಳಿಗೆ ಈ ವ್ಯತ್ಯಾಸ ಮುಖ್ಯ. 3000ದ ಪರದೆಯಲ್ಲಿ ಬಣ್ಣ ಗಾಢ, ಬಿಸಿಲಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ ಚಿತ್ರ ವೇಗವಾಗಿ ಓಡುವಾಗ ಅಡ್ಡಗೆರೆಗಳು ಕಣ್ಣಿಗೆ ಬೀಳುತ್ತವೆ. 2000ದಲ್ಲಿ ಆ ಗೆರೆಗಳಿಲ್ಲ, ಬಣ್ಣ ಸ್ವಲ್ಪ ಮಾಸಲು. 1000 ಕೈಗೆ ಗಟ್ಟಿಯಾಗಿ ಕೂರುತ್ತದೆ, ದೊಡ್ಡ ಬ್ಯಾಟರಿ ಹಿಡಿಯುತ್ತದೆ, ಪರದೆಯಲ್ಲಿ ಚಲನೆ ಮಸುಕಾಗುತ್ತದೆ. ಗೋ ಮಾದರಿಗೆ ಡಿಸ್ಕೇ ಇಲ್ಲ, ಬ್ಯಾಟರಿ ಒಳಗೇ ಕೂತಿದೆ, ಕಾರ್ಡು ಬೇರೆಯದು (ಎಂ2), ಕೇಬಲ್ ಕೂಡ ಬೇರೆ. ಬಿಡಿಭಾಗ ಹುಡುಕುವುದರಲ್ಲೇ ಸಾಕಾಗುತ್ತದೆ. 2011ರ ಸ್ಟ್ರೀಟ್‌ನಲ್ಲಿ ವೈಫೈ ಇಲ್ಲ, ಸ್ಪೀಕರ್ ಒಂದೇ. ಕಡಿಮೆ ಬೆಲೆಗೆ ಸಿಕ್ಕಿ, ಒಬ್ಬರೇ ಆಡುವುದಾದರೆ ಪರವಾಗಿಲ್ಲ. ಮಾದರಿ ಸಂಖ್ಯೆ ಯಂತ್ರದ ಮೇಲೇ ಅಚ್ಚಾಗಿರುತ್ತದೆ. ಕೊನೆಯ ಅಂಕಿ ಮಾರಾಟದ ಪ್ರದೇಶದ್ದು: 3001 ಅಮೆರಿಕದ್ದು, 3004 ಯೂರೋಪಿನದು. ಆಟದ ಡಿಸ್ಕುಗಳು ಎಲ್ಲ ಪ್ರದೇಶದ ಯಂತ್ರದಲ್ಲೂ ಓಡುತ್ತವೆ. ಸಿನಿಮಾದ ಯುಎಂಡಿಗಳಿಗೆ (ಪಿಎಸ್‌ಪಿಯ ಪುಟ್ಟ ಡಿಸ್ಕಿಗೆ ಯುಎಂಡಿ ಎನ್ನುತ್ತಾರೆ) ಮಾತ್ರ ಪ್ರದೇಶದ ಬೀಗ. ಜಪಾನಿನ ಯಂತ್ರದಲ್ಲಿ ‘ಸರಿ’ ಎನ್ನಲು ಇಂಟು ಗುಂಡಿಯ ಬದಲು ಸೊನ್ನೆ ಗುಂಡಿ ಒತ್ತಬೇಕು. ಅದನ್ನು ಕೆಟ್ಟಿದೆ ಎಂದುಕೊಳ್ಳಬೇಡಿ.

ಕೈಗೆ ಬಂದ ಕೂಡಲೇ ಬ್ಯಾಟರಿ ತೆಗೆದು ಮೇಜಿನ ಮೇಲಿಟ್ಟು ಬೆರಳಿಂದ ತಿರುಗಿಸಿ ನೋಡಿ. ಬುಗುರಿಯ ಹಾಗೆ ತಿರುಗಿದರೆ ಹೊಟ್ಟೆ ಉಬ್ಬಿದೆ. ಬ್ಯಾಟರಿ ಗೂಡಿನ ಲೋಹದ ಕಡ್ಡಿಗಳ ಮೇಲೆ ಹಸಿರು ಕಿಲುಬು ಇದೆಯೇ ನೋಡಿ. ಥಂಡಿ ಊರುಗಳಿಂದ ಬಂದ ಯಂತ್ರಗಳಲ್ಲಿ ಇದು ಮಾಮೂಲು. ಅನಲಾಗ್ ಕಡ್ಡಿ (ಎಡಗಡೆ ಎಲ್ಲ ದಿಕ್ಕಿಗೂ ಜಾರುವ ಪುಟ್ಟ ಗುಂಡಿ) ಪರೀಕ್ಷಿಸಲು ಇಂಟರ್ನೆಟ್ ಬ್ರೌಸರ್ ತೆರೆಯಿರಿ, ನೆಟ್ ಬೇಕಿಲ್ಲ. ಮುಖ್ಯ ಮೆನುವಿನಲ್ಲಿ ಆ ಕಡ್ಡಿಗೆ ಕೆಲಸವೇ ಇಲ್ಲ, ಬ್ರೌಸರಿನಲ್ಲಿ ಮಾತ್ರ ಅದು ಬಾಣವನ್ನು ಓಡಿಸುತ್ತದೆ. ಕೈ ಬಿಟ್ಟಾಗಲೂ ಬಾಣ ತಾನೇ ಜಾರಿದರೆ ಕಡ್ಡಿ ಸವೆದಿದೆ. ಯುಎಂಡಿ ಒಂದನ್ನು ಜೇಬಿನಲ್ಲಿ ಒಯ್ದು ಹಾಕಿ ನೋಡಿ. ‘ಹೊಚ್ಚ ಹೊಸದು, ಸೀಲ್ ಪ್ಯಾಕ್’ ಎಂದು ಮಾರುವವುಗಳಲ್ಲಿ ಬಹುಪಾಲು ಹಳೆಯ ಬೋರ್ಡಿಗೆ ನಕಲಿ ಹೊರಕವಚ ತೊಡಿಸಿದವು. ಎಲ್, ಆರ್ ಗುಂಡಿಗಳ ಸುತ್ತ ಸಂದು ಏರುಪೇರಾಗಿದ್ದರೆ, ಯುಎಂಡಿ ಬಾಗಿಲು ಸಡಿಲವಾಗಿ ಅಲ್ಲಾಡಿದರೆ ಅದೇ ಗುರುತು. ಗೀರು ಬಿದ್ದ ಅಸಲಿ ಕವಚವೇ ಲೇಸು.

ಪ್ರಶ್ನೆ: ಹಳೆಯ ಮೆಮೊರಿ ಸ್ಟಿಕ್ ಬದಲು ಮೈಕ್ರೋ ಎಸ್‌ಡಿ ಅಡಾಪ್ಟರ್ ಹಾಕಿ 64 ಜಿಬಿ ಕಾರ್ಡು ತೂರಿಸಿದೆ. ಕಾರ್ಡೇ ಇಲ್ಲ ಎನ್ನುತ್ತಿದೆ. ಇನ್ನೊಂದು ಸಲ ಆಟದ ನಡುವೆ ನಿಂತುಹೋಯಿತು. (ಹಾಸನ)

ಉತ್ತರ: ಮೊದಲನೆಯದಕ್ಕೆ ಕಾರಣ ಫಾರ್ಮ್ಯಾಟ್. ಅಂಗಡಿಯಿಂದ ಬರುವ 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಿರುತ್ತವೆ. ಪಿಎಸ್‌ಪಿಗೆ ಅದು ಗೊತ್ತಿಲ್ಲ, ಇಂಥ ಕಾರ್ಡು ಫ್ಯಾಟ್32ರಲ್ಲಿರಬೇಕು. ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿ ದಾಟಿದ ಕಾರ್ಡಿಗೆ ಆ ಆಯ್ಕೆಯೇ ಕಾಣದೆ ಹೋಗಬಹುದು. ಸುಲಭದ ದಾರಿ: ಕಾರ್ಡನ್ನು ಅಡಾಪ್ಟರಿನಲ್ಲಿಟ್ಟು ಪಿಎಸ್‌ಪಿಗೇ ಹಾಕಿ, ಸೆಟ್ಟಿಂಗ್ಸ್, ಸಿಸ್ಟಮ್ ಸೆಟ್ಟಿಂಗ್ಸ್, ಅದರೊಳಗೆ ಫಾರ್ಮ್ಯಾಟ್ ಮೆಮೊರಿ ಸ್ಟಿಕ್. ಯಂತ್ರ ಫಾರ್ಮ್ಯಾಟ್ ಮಾಡುವಾಗಲೇ ತನಗೆ ಬೇಕಾದ ಫೋಲ್ಡರುಗಳನ್ನೂ ಮಾಡಿಕೊಳ್ಳುತ್ತದೆ. ಅದಕ್ಕೂ ಒಪ್ಪದಿದ್ದರೆ ಕಂಪ್ಯೂಟರಿನಲ್ಲಿ ಫ್ಯಾಟ್32ಗೆಂದೇ ಇರುವ ಉಚಿತ ಉಪಕರಣ ಬಳಸಿ, ಕ್ಲಸ್ಟರ್ ಗಾತ್ರ 32 ಕೆಬಿ ಇಟ್ಟು ಫಾರ್ಮ್ಯಾಟ್ ಮಾಡಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಯುವುದಿಲ್ಲ ಎಂಬ ಚಿಂತೆ ಇಲ್ಲಿ ಬೇಡ, ಯುಎಂಡಿಯೇ ಹೆಚ್ಚೆಂದರೆ 1.8 ಜಿಬಿ.

ಎರಡನೆಯದು, ನಡುವೆ ನಿಲ್ಲುವುದು, ಹೆಚ್ಚಾಗಿ ನಕಲಿ ಕಾರ್ಡಿನ ಲಕ್ಷಣ. ಒಳಗೆ 8 ಜಿಬಿ ಚಿಪ್ ಇದ್ದು 64 ಎಂದು ಸುಳ್ಳು ಹೇಳುವ ಕಾರ್ಡು, 8 ಜಿಬಿ ತುಂಬುವವರೆಗೆ ಸರಿಯಾಗಿಯೇ ನಡೆಯುತ್ತದೆ. ಅಲ್ಲಿಂದ ಮುಂದೆ ಬರೆದದ್ದೆಲ್ಲ ಗಾಳಿಗೆ. ಹೊಸ ಕಾರ್ಡು ಕೈಗೆ ಬಂದಾಗಲೇ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಲಿನಕ್ಸ್‌ನಲ್ಲಿ ಎಫ್3 ಎಂಬ ಉಪಕರಣದಿಂದ ಪೂರ್ತಿ ಬರೆದು ಓದಿಸಿ ನೋಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೂ ಮಾಡಿ. ದುಬಾರಿ ವೇಗದ ಕಾರ್ಡು ಬೇಡ, ಪಿಎಸ್‌ಪಿಗೆ ಅಷ್ಟು ವೇಗದಲ್ಲಿ ಓದಲು ಬರುವುದಿಲ್ಲ. ಒಳ್ಳೆಯ ಕಂಪನಿಯ 32 ಅಥವಾ 64 ಜಿಬಿ ಸಾಕು.

ಅಡಾಪ್ಟರುಗಳಲ್ಲಿ ಒಂದು ಕಾರ್ಡಿನದು, ಎರಡು ಕಾರ್ಡಿನದು ಎಂದು ಎರಡು ಬಗೆ. ಒಂದರದ್ದನ್ನೇ ಆರಿಸಿ. ಎರಡರದ್ದು ದತ್ತಾಂಶವನ್ನು ಎರಡೂ ಕಾರ್ಡಿಗೆ ಹಂಚಿ ಬರೆಯುತ್ತದೆ, ಒಂದು ಕೆಟ್ಟರೆ ಎರಡೂ ಹೋದಂತೆ. ಅಡಾಪ್ಟರ್ ಸಡಿಲವಿದ್ದು ಯಂತ್ರ ಅಲುಗಿದಾಗ ಸಂಪರ್ಕ ತಪ್ಪಿದರೂ ಆಟ ಹೀಗೇ ನಿಲ್ಲುತ್ತದೆ. ಅಡಾಪ್ಟರಿನ ಬೆನ್ನಿಗೆ ಒಂದು ಪದರ ತೆಳು ಟೇಪು ಅಂಟಿಸಿದರೆ ಬಿಗಿಯಾಗಿ ಕೂರುತ್ತದೆ. ಹಳೆಯ ಸ್ಟಿಕ್ಕನ್ನು ಎಸೆಯುವ ಮೊದಲು ಅದರ ಪಿಎಸ್‌ಪಿ ಫೋಲ್ಡರಿನೊಳಗಿನ ಸೇವ್‌ಡೇಟಾ ಫೋಲ್ಡರನ್ನು ಪೂರ್ತಿ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಆಡಿದ್ದೆಲ್ಲ ಅದರಲ್ಲೇ ಇದೆ. ಕೇಬಲ್ ಬೇಕಾದರೆ ಮಿನಿ-ಬಿ 5 ಪಿನ್ನಿನದು, ಹಳೆಯ ಡಿಜಿಟಲ್ ಕ್ಯಾಮೆರಾ, ಹಾರ್ಡ್ ಡಿಸ್ಕುಗಳ ಜೊತೆ ಬರುತ್ತಿದ್ದದ್ದೇ. ಯಂತ್ರ ಚಾರ್ಜ್ ಆಗುತ್ತಿದ್ದು ಕಂಪ್ಯೂಟರಿನಲ್ಲಿ ಕಾಣದಿದ್ದರೆ ಆ ಕೇಬಲಿನಲ್ಲಿ ದತ್ತಾಂಶದ ತಂತಿಗಳಿಲ್ಲ. ಅಂದಹಾಗೆ ಯುಎಸ್‌ಬಿ ಕೇಬಲಿನಿಂದ ಚಾರ್ಜ್ ಆಗುವುದು 2000 ಮತ್ತು 3000, ಅದೂ ಸೆಟ್ಟಿಂಗ್ಸಿನಲ್ಲಿ ಯುಎಸ್‌ಬಿ ಚಾರ್ಜ್ ಆನ್ ಮಾಡಿದ್ದರೆ. 1000ಕ್ಕೆ ಆ ಸೌಲಭ್ಯವಿಲ್ಲ.

ಪ್ರಶ್ನೆ: ಕಸ್ಟಮ್ ಫರ್ಮ್‌ವೇರ್ ಹಾಕಬೇಕೆಂದಿದ್ದೇನೆ. ‘ಯಂತ್ರ ಇಟ್ಟಿಗೆ ಆಗಿಬಿಡುತ್ತದೆ’ ಎಂದು ಗೆಳೆಯರು ಹೆದರಿಸುತ್ತಾರೆ. ಪಂಡೋರಾ ಬ್ಯಾಟರಿ ಬೇಕೇ ಬೇಕಂತೆ. ಹಂತ ಹಂತವಾಗಿ ತಿಳಿಸಿ. (ಚಿಕ್ಕಮಗಳೂರು)

ಉತ್ತರ: ಕಸ್ಟಮ್ ಫರ್ಮ್‌ವೇರ್ ಎಂದರೆ ಸೋನಿಯ ಮೂಲ ತಂತ್ರಾಂಶದ ಬದಲು ಓಡಿಸುವ, ಹವ್ಯಾಸಿಗಳು ತಿದ್ದಿದ ತಂತ್ರಾಂಶ. ಇಟ್ಟಿಗೆ ಎಂದರೆ ಮತ್ತೆ ಏಳದ ಯಂತ್ರ. ಗೆಳೆಯರು ಹೇಳುತ್ತಿರುವುದು 2007–08ರ ಕಾಲದ ಮಾತು. ಆಗ ಯಂತ್ರದ ಒಳ ಸ್ಮೃತಿಗೇ ಬರೆಯಬೇಕಿತ್ತು, ಕರೆಂಟು ಹೋದರೆ ಕಥೆ ಮುಗಿಯುತ್ತಿತ್ತು. ಈಗ ಎಆರ್‌ಕೆ-4 ಮುಂತಾದ ಕಸ್ಟಮ್ ಫರ್ಮ್‌ವೇರ್‌ಗಳನ್ನು ಒಳ ಸ್ಮೃತಿ ಮುಟ್ಟದೆ, ಮೆಮೊರಿ ಕಾರ್ಡಿನಿಂದಲೇ ಎಬ್ಬಿಸಬಹುದು. ಯಂತ್ರ ಪೂರ್ತಿ ಆಫ್ ಮಾಡಿದರೆ ಮತ್ತೆ ಸೋನಿಯ ಮೂಲ ತಂತ್ರಾಂಶವೇ ಬರುತ್ತದೆ. ಈ ವಿಧಾನದಲ್ಲಿ ಇಟ್ಟಿಗೆಯಾಗುವ ಭಯವಿಲ್ಲ. ಪಂಡೋರಾ ಬ್ಯಾಟರಿ ಎಂದರೆ ಯಂತ್ರವನ್ನು ಸರ್ವೀಸ್ ಸ್ಥಿತಿಯಲ್ಲಿ ಎಬ್ಬಿಸುವಂತೆ ಕ್ರಮಸಂಖ್ಯೆ ತಿದ್ದಿದ ಬ್ಯಾಟರಿ. ಸತ್ತ 1000ವನ್ನೂ 2000ದ ಮೊದಮೊದಲ ಬೋರ್ಡುಗಳನ್ನೂ ಎಬ್ಬಿಸಲು ಅದು ಬೇಕಾಗುತ್ತಿತ್ತು. 2000ದ ನಂತರದ ಟಿಎ-088 ವಿ3 ಬೋರ್ಡು ಮತ್ತು 3000ದ ಮೇಲೆ ಅದು ನಡೆಯುವುದೇ ಇಲ್ಲ. ನಿಮಗೆ ಅದರ ಅಗತ್ಯವಿಲ್ಲ.

ಮೊದಲು ಸೆಟ್ಟಿಂಗ್ಸ್, ಸಿಸ್ಟಮ್ ಸೆಟ್ಟಿಂಗ್ಸ್, ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಆವೃತ್ತಿ ನೋಡಿ. ಕೊನೆಯ ಅಧಿಕೃತ ಆವೃತ್ತಿ 6.61. ಅದಕ್ಕಿಂತ ಹಳೆಯದಿದ್ದರೆ ಮೊದಲು ಅಧಿಕೃತ ಅಪ್‌ಡೇಟ್ ಮಾಡಿ: ಕಾರ್ಡಿನ ಪಿಎಸ್‌ಪಿ ಫೋಲ್ಡರಿನೊಳಗಿನ ಗೇಮ್ ಫೋಲ್ಡರಿನಲ್ಲಿ ಅಪ್‌ಡೇಟ್ ಎಂಬ ಫೋಲ್ಡರು ಮಾಡಿ (ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ), ಅಪ್‌ಡೇಟಿನ ಇಬೂಟ್ ಕಡತವನ್ನು ಅಲ್ಲಿಟ್ಟು, ಗೇಮ್ ಮೆನುವಿನ ಮೆಮೊರಿ ಸ್ಟಿಕ್‌ನಿಂದ ಓಡಿಸಿ. ಇಡೀ ಕೆಲಸದಲ್ಲಿ ನಿಜವಾದ ಅಪಾಯ ಇರುವುದು ಈ ಒಂದು ಹಂತದಲ್ಲಿ, ಒಳ ಸ್ಮೃತಿಗೆ ಬರೆಯುವುದು ಇಲ್ಲೇ. ತುಂಬಿದ ಬ್ಯಾಟರಿಯೂ ಇರಬೇಕು, ಅಡಾಪ್ಟರೂ ಹಾಕಿರಬೇಕು. ಬ್ಯಾಟರಿ ಇಲ್ಲದೆ ಯಂತ್ರ ಅಪ್‌ಡೇಟಿಗೆ ಒಪ್ಪುವುದೇ ಇಲ್ಲ, ಒಪ್ಪದಿರುವುದು ಒಳ್ಳೆಯದೇ. ಗುಡುಗು ಸಿಡಿಲಿನ ಸಂಜೆ ಈ ಕೆಲಸಕ್ಕೆ ಕೂರಬೇಡಿ.

ಆಮೇಲೆ ಎಆರ್‌ಕೆ-4ನ್ನು ಅದನ್ನು ರೂಪಿಸಿದವರ ಪುಟದಿಂದಲೇ ಇಳಿಸಿಕೊಂಡು ಬಿಚ್ಚಿ. ಒಳಗೆ ಎರಡು ಫೋಲ್ಡರು ಮುಖ್ಯ. ಹೆಸರಿನಲ್ಲಿ 01234 ಇರುವುದು ಸೇವ್‌ಡೇಟಾದೊಳಗೆ ಹೋಗಬೇಕು, ಲೋಡರ್ ಎಂದಿರುವುದು ಗೇಮ್‌ನೊಳಗೆ. ಫೋಲ್ಡರಿನ ಹೆಸರು ಒಂದಕ್ಷರವೂ ಬದಲಾಗಬಾರದು. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ: ಜಿಪ್ ಬಿಚ್ಚಿದಾಗ ಅದೇ ಹೆಸರಿನ ಫೋಲ್ಡರಿನೊಳಗೆ ಮತ್ತೊಂದು ಅದೇ ಹೆಸರಿನ ಫೋಲ್ಡರು ಹುಟ್ಟಿರುತ್ತದೆ. ಹೊರಗಿನದನ್ನು ನಕಲು ಮಾಡಿದರೆ ಲೋಡರಿಗೆ ತನ್ನ ಕಡತಗಳು ಸಿಗುವುದಿಲ್ಲ. ಕಂಪ್ಯೂಟರಿನಿಂದ ಸರಿಯಾಗಿ ಇಜೆಕ್ಟ್ ಮಾಡಿ, ಕೇಬಲ್ ತೆಗೆದು, ಗೇಮ್ ಮೆನುವಿನಿಂದ ಲೋಡರ್ ಓಡಿಸಿ. ಪರದೆ ಒಮ್ಮೆ ಕಪ್ಪಾಗಿ ಮುಖ್ಯ ಮೆನು ಮರಳುತ್ತದೆ. ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಆವೃತ್ತಿಯ ಜೊತೆ ಎಆರ್‌ಕೆ ಹೆಸರು ಕಂಡರೆ ಆಯಿತು.

ಪವರ್ ಸ್ವಿಚ್ಚನ್ನು ಒಮ್ಮೆ ಸರಿಸಿ ಬಿಟ್ಟರೆ ಯಂತ್ರ ಮಲಗುತ್ತದೆ, ಕಸ್ಟಮ್ ಫರ್ಮ್‌ವೇರ್ ಹಾಗೇ ಉಳಿಯುತ್ತದೆ. ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದು ಆಫ್ ಮಾಡಿದರೆ, ಅಥವಾ ಬ್ಯಾಟರಿ ತೆಗೆದರೆ, ಮುಂದಿನ ಸಲ ಲೋಡರನ್ನು ಮತ್ತೆ ಓಡಿಸಬೇಕು. 80020148 ಎಂಬ ದೋಷಸಂಖ್ಯೆ ಬಂದರೆ, ಗೇಮ್ ಪಟ್ಟಿಯಲ್ಲಿ ‘ಕರಪ್ಟೆಡ್ ಡೇಟಾ’ ಎಂದು ತೋರಿಸಿದರೆ, ಏನೂ ಕೆಟ್ಟಿಲ್ಲ. ಲೋಡರ್ ಓಡಿಸದೆ ಹೋಮ್‌ಬ್ರೂ ತೆರೆಯಲು ಹೊರಟಿದ್ದೀರಿ, ಅಷ್ಟೆ. ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಪುಟ್ಟ ತಂತ್ರಾಂಶ) ಸೇರಿಸಿದ ಮೇಲೆ ಯಂತ್ರ ಕಪ್ಪು ಪರದೆಯಲ್ಲೇ ನಿಂತರೆ ಆಫ್ ಮಾಡಿ, ಕಾರ್ಡು ತೆಗೆದು ಆನ್ ಮಾಡಿ. ಯಂತ್ರ ಎದ್ದರೆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಕೊನೆಯದಾಗಿ ಸೇರಿಸಿದ ಪ್ಲಗಿನ್ ಅಳಿಸಿ. ಪ್ಲಗಿನ್‌ಗಳನ್ನು ಒಂದೊಂದಾಗಿಯೇ ಸೇರಿಸಿ, ಆಗ ಕೆಡಿಸಿದ್ದು ಯಾವುದೆಂದು ಹುಡುಕುವ ಪಾಡಿಲ್ಲ.

ಪ್ರತಿ ಸಲ ಲೋಡರ್ ಒತ್ತುವುದು ಬೇಸರವೆಂದು ಕಾಯಂ ಮಾಡುವ ವಿಧಾನಗಳೂ ಇವೆ. ಇನ್ಫಿನಿಟಿ ಎಂಬುದು ಅಂಥದ್ದೊಂದು. ಅವು ಒಳ ಸ್ಮೃತಿಗೆ ಬರೆಯುತ್ತವೆ. ನಮ್ಮ ಅಭಿಪ್ರಾಯದಲ್ಲಿ ಒಂದು ತಿಂಗಳಾದರೂ ತಾತ್ಕಾಲಿಕ ವಿಧಾನದಲ್ಲೇ ಆಡಿ, ಹೊಸ ಬ್ಯಾಟರಿ ನೆಚ್ಚಿಕೆಗೆ ಅರ್ಹವೇ ಎಂದು ನೋಡಿ, ಆಮೇಲೆ ಯೋಚಿಸಿ. ಆಗಲೂ ಮೊದಲು ಒಳ ಸ್ಮೃತಿಯ ಪೂರ್ತಿ ಪ್ರತಿ (1000ದಲ್ಲಿ 32 ಎಂಬಿ, 2000 ಮತ್ತು 3000ದಲ್ಲಿ 64 ಎಂಬಿ) ತೆಗೆದು ಕಂಪ್ಯೂಟರಿನಲ್ಲಿಡಿ.

ಪ್ರಶ್ನೆ: ನನ್ನ ಹತ್ತಿರ ಹತ್ತಾರು ಯುಎಂಡಿ ಡಿಸ್ಕುಗಳಿವೆ. ಅವನ್ನೇ ಕಾರ್ಡಿಗೆ ಹಾಕಿಕೊಳ್ಳಬಹುದೆ? (ಬೇಲೂರು)

ಉತ್ತರ: ಹಾಕಿಕೊಳ್ಳಬಹುದು, ಹಾಕಿಕೊಳ್ಳುವುದೇ ಒಳ್ಳೆಯದು. ಡಿಸ್ಕು ತಿರುಗಿಸುವ ಮೋಟಾರು ಬ್ಯಾಟರಿ ತಿನ್ನುತ್ತದೆ, ಲೆನ್ಸು ಸವೆಯುತ್ತದೆ, ಕಾರ್ಡಿನಿಂದ ಆಟ ಬೇಗ ತೆರೆಯುತ್ತದೆ. ಕಸ್ಟಮ್ ಫರ್ಮ್‌ವೇರ್ ಓಡುತ್ತಿರುವಾಗ ಮುಖ್ಯ ಮೆನುವಿನಲ್ಲಿ ಸೆಲೆಕ್ಟ್ ಒತ್ತಿ, ಯುಎಸ್‌ಬಿ ಡಿವೈಸ್ ಎಂಬಲ್ಲಿ ಮೆಮೊರಿ ಸ್ಟಿಕ್ ಬದಲು ಯುಎಂಡಿ ಡಿಸ್ಕ್ ಆರಿಸಿ, ಯುಎಸ್‌ಬಿ ಜೋಡಿಸಿ. ಕಂಪ್ಯೂಟರಿನಲ್ಲಿ ಒಂದೇ ಒಂದು ಐಎಸ್‌ಒ ಕಡತ (ಡಿಸ್ಕಿನ ಪೂರ್ತಿ ಪ್ರತಿ) ಕಾಣುತ್ತದೆ, ಅದನ್ನು ನಕಲು ಮಾಡಿಕೊಳ್ಳಿ. ಆಮೇಲೆ ಆಯ್ಕೆಯನ್ನು ಮತ್ತೆ ಮೆಮೊರಿ ಸ್ಟಿಕ್‌ಗೆ ತಿರುಗಿಸಿ, ಕಾರ್ಡಿನಲ್ಲಿ ಪಿಎಸ್‌ಪಿ ಫೋಲ್ಡರಿನ ಪಕ್ಕದಲ್ಲಿ (ಒಳಗೆ ಅಲ್ಲ) ಐಎಸ್‌ಒ ಎಂಬ ಫೋಲ್ಡರು ಮಾಡಿ ಅದರಲ್ಲಿಡಿ. ಗೇಮ್ ಫೋಲ್ಡರಿನೊಳಗೆ ಹಾಕಿದರೆ ಕಾಣುವುದಿಲ್ಲ. ಜಾಗ ಉಳಿಸಲು ಸಿಎಸ್‌ಒ ಆಗಿ ಕುಗ್ಗಿಸಬಹುದು, ಆದರೆ ಕೆಲವು ಆಟಗಳಲ್ಲಿ ದೃಶ್ಯ ತಡವರಿಸುತ್ತದೆ. ದೊಡ್ಡ ಕಾರ್ಡಿದ್ದರೆ ಹಾಗೇ ಬಿಡಿ.

ಕೊಂಡ ಪ್ರೋಗ್ರಾಮು ಹಾಳಾಗದಂತೆ ಕಾಪು ಪ್ರತಿ ಇಟ್ಟುಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆ ಅವಕಾಶ ಕೊಡುತ್ತದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದು 2012ರ ತಿದ್ದುಪಡಿಯ 65ಎ ಕಲಮಿನಡಿ ಅಪರಾಧ. ನಿಮ್ಮ ಡಿಸ್ಕಿನ ಪ್ರತಿಯನ್ನು ನಿಮ್ಮ ಯಂತ್ರದಲ್ಲಿ ಆಡಿ, ಹಂಚಬೇಡಿ. ಬೇರೆಯವರ ಪ್ರತಿ ಎಲ್ಲಿ ಸಿಗುತ್ತದೆ ಎಂದು ಕೇಳಿದ ಪತ್ರಗಳಿಗೆ ಇಲ್ಲಿ ಉತ್ತರ ಕೊಡುವುದಿಲ್ಲ.

ಪ್ರಶ್ನೆ: ಕೈ ಬಿಟ್ಟರೂ ಆಟಗಾರ ಎಡಕ್ಕೇ ನಡೆಯುತ್ತಾನೆ. ಮಳೆಗಾಲ ಬಂದರೆ ಗುಂಡಿಗಳೂ ಅಂಟಿಕೊಳ್ಳುತ್ತವೆ. ಬಿಚ್ಚಿ ಸರಿಮಾಡಬಹುದೆ? (ಕೊಪ್ಪ)

ಉತ್ತರ: ಮಾಡಬಹುದು. ಬೇಕಾದದ್ದು: ಪಿಎಚ್00 ಅಳತೆಯ ಸ್ಕ್ರೂಡ್ರೈವರ್ (ದೊಡ್ಡದು ಹಾಕಿದರೆ ಸ್ಕ್ರೂ ತಲೆ ನುಣುಪಾಗಿ ಮತ್ತೆ ಬರುವುದಿಲ್ಲ), ಪ್ಲಾಸ್ಟಿಕ್ ಚಿಮಟ, ಕಿವಿಗೆ ಹಾಕುವ ಹತ್ತಿಕಡ್ಡಿ, 99 ಶೇಕಡಾ ಐಸೋಪ್ರೊಪೈಲ್ ಆಲ್ಕೊಹಾಲು. ಕೈಗೆ ಹಚ್ಚುವ ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತದೆ, ಒಣಗಿದ ಮೇಲೆ ಜಿಗುಟು ಉಳಿಯುತ್ತದೆ. ಪೆಟ್ರೋಲು, ಥಿನ್ನರು ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ.

ಬ್ಯಾಟರಿ, ಕಾರ್ಡು, ಡಿಸ್ಕು ಮೂರನ್ನೂ ತೆಗೆಯಿರಿ. ಬಿಳಿ ಹಾಳೆಯ ಮೇಲೆ ಯಂತ್ರದ ಆಕಾರ ಬರೆದು, ತೆಗೆದ ಪ್ರತಿ ಸ್ಕ್ರೂವನ್ನು ಅದರ ಜಾಗದಲ್ಲೇ ಟೇಪಿನಿಂದ ಅಂಟಿಸಿ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ, ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಮುಂಭಾಗದ ಪ್ಲಾಸ್ಟಿಕ್ ಸೀಳುತ್ತದೆ. ಬ್ಯಾಟರಿ ಗೂಡಿನ ಸ್ಟಿಕ್ಕರಿನ ಕೆಳಗೂ ಸ್ಕ್ರೂ ಇರುತ್ತದೆ. ‘ಎಲ್ಲ ತೆಗೆದೆ, ಆದರೂ ಬಿಡುತ್ತಿಲ್ಲ’ ಎಂದರೆ ಕಾರಣ ಅದೇ, ಬಲ ಹಾಕಬೇಡಿ. 1000ದಲ್ಲಿ ಅನಲಾಗ್ ಕಡ್ಡಿಗೂ ಬೋರ್ಡಿಗೂ ನಡುವೆ ಕರೆಂಟು ಹಾಯಿಸುವ ಪುಟ್ಟ ರಬ್ಬರ್ ತುಂಡೊಂದಿದೆ. ಬಿಚ್ಚುವಾಗ ಉದುರಿ ಕಳೆದುಹೋಗುವುದು ಅದೇ. ಆ ರಬ್ಬರಿನ ಎರಡೂ ಮುಖ ಮತ್ತು ಬೋರ್ಡಿನ ಚಿನ್ನದ ಬಣ್ಣದ ಸಂಪರ್ಕಗಳನ್ನು ಆಲ್ಕೊಹಾಲಿನಲ್ಲಿ ತೇವ ಮಾಡಿದ ಹತ್ತಿಕಡ್ಡಿಯಿಂದ ಒರೆಸಿ, ಹತ್ತು ನಿಮಿಷ ಒಣಗಲು ಬಿಟ್ಟು ಸೇರಿಸಿ. ಥಂಡಿಯಿಂದ ಬಂದ ತೊಂದರೆಯಾದರೆ ಇಷ್ಟರಲ್ಲೇ ಸರಿಹೋಗುತ್ತದೆ. ಹೋಗದಿದ್ದರೆ ಒಳಗಿನ ಪದರವೇ ಸವೆದಿದೆ, ಹೊಸ ಕಡ್ಡಿ ತರಿಸಿ. 1000ದ್ದು 2000, 3000ಕ್ಕೆ ಹೊಂದುವುದಿಲ್ಲ, ಮಾದರಿ ಸಂಖ್ಯೆ ಹೇಳಿ ಕೊಳ್ಳಿ.

ತೆಳು ಮಾದರಿಗಳಲ್ಲಿ ಗುಂಡಿಗಳ ತನಕ ಹೋಗಲು ಪರದೆ ಎತ್ತಬೇಕು. ಪರದೆಯ ಕೆಳಗಿನ ಹೋಮ್-ಸ್ಟಾರ್ಟ್ ಪಟ್ಟಿಯನ್ನು ಮೊದಲು ಬಿಡಿಸಿ, ಆಮೇಲೆ ಪರದೆಯನ್ನು ಮೇಲಕ್ಕೆ ಬಗ್ಗಿಸಿ, ಹಿಂದಿನ ಕಂದು ರಿಬ್ಬನ್ನಿನ ಬೀಗವನ್ನು ಉಗುರಿನಿಂದ ಮೇಲೆತ್ತಿ. ರಿಬ್ಬನ್ ತಾನೇ ಸಲೀಸಾಗಿ ಜಾರುತ್ತದೆ. ಬೀಗ ಎತ್ತದೆ ಎಳೆದರೆ ಬೀಗವೇ ಮುರಿಯುತ್ತದೆ, ಆಮೇಲೆ ಬೋರ್ಡಿನ ಕೆಲಸ. ಗುಂಡಿ ಮತ್ತು ಅದರಡಿಯ ರಬ್ಬರನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಡಿಸ್ಕು ಓದದಿದ್ದರೆ ಲೆನ್ಸಿನ ಮೇಲಿನ ಮಬ್ಬನ್ನು ಇದೇ ಆಲ್ಕೊಹಾಲಿನಿಂದ, ಒತ್ತದೆ, ಒಂದೇ ಸಲ ಒರೆಸಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ, ಯಂತ್ರವನ್ನು ಬಯಲಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬದಲ್ಲಿ 50 ಗ್ರಾಂನಷ್ಟು ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಯಿಸುವ ಜಾತಿಯ ಜೆಲ್ ಕೊಂಡರೆ ಯಾವಾಗ ಒಣಗಿಸಬೇಕೆಂದು ಕಣ್ಣಿಗೇ ತಿಳಿಯುತ್ತದೆ. ಅಕ್ಕಿ ಬೇಡ, ಅದರ ಹೊಟ್ಟು ಸಂದುಗಳಿಗೆ ಹೋಗುತ್ತದೆ. ಬಟ್ಟೆಗೆ ಇಡುವ ನುಸಿಗುಳಿಗೆಯ ಜೊತೆಗೂ ಇಡಬೇಡಿ. ತಿಂಗಳುಗಟ್ಟಲೆ ಆಡುವುದಿಲ್ಲವೆಂದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬೇರೆ ತೆಗೆದಿಡಿ.

ಪ್ರಶ್ನೆ: ಮನೆಯ ವೈಫೈ ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿ ಕೊಟ್ಟರೂ ಸೇರುವುದಿಲ್ಲ. (ಅರಸೀಕೆರೆ)

ಉತ್ತರ: ಪಿಎಸ್‌ಪಿಗೆ ಗೊತ್ತಿರುವುದು 2.4 ಗಿಗಾಹರ್ಟ್ಸ್‌ನ 802.11ಬಿ ಮತ್ತು ಹಳೆಯ ಡಬ್ಲ್ಯೂಪಿಎ ಭದ್ರತೆ. ಈಗಿನ ರೂಟರುಗಳು ಡಬ್ಲ್ಯೂಪಿಎ2 ಅಥವಾ 3. ಇಡೀ ಮನೆಯ ಭದ್ರತೆ ಇಳಿಸುವುದು ತಪ್ಪು. ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ ಅದಕ್ಕೆ ಮಾತ್ರ ಹಳೆಯ ಭದ್ರತೆ ಕೊಟ್ಟು, ಕೆಲಸ ಮುಗಿದ ಮೇಲೆ ಆಫ್ ಮಾಡಿ. ಆದರೂ ಬ್ರೌಸರಿನಿಂದ ಈಗಿನ ತಾಣಗಳು ತೆರೆಯುವುದಿಲ್ಲ, ಯಂತ್ರದೊಳಗಿನ ಪ್ಲೇಸ್ಟೇಷನ್ ಅಂಗಡಿಯೂ ಮುಚ್ಚಿಹೋಗಿದೆ. ವೈಫೈಯ ನಿಜವಾದ ಸುಖ ಇಬ್ಬರು ಎದುರುಬದುರು ಕೂತು ಆಡುವುದರಲ್ಲಿದೆ. ಅದಕ್ಕೆ ರೂಟರೇ ಬೇಡ. ಎರಡೂ ಯಂತ್ರದಲ್ಲಿ ಆಡ್‌ಹಾಕ್ (ರೂಟರಿಲ್ಲದ ನೇರ ಸಂಪರ್ಕದ) ಚಾನೆಲನ್ನು ‘ಆಟೋ’ ಬಿಟ್ಟು 1, 6, 11ರಲ್ಲಿ ಒಂದೇ ಸಂಖ್ಯೆಗೆ ಇಟ್ಟು, ಪಕ್ಕದ ವೈಫೈ ಸ್ವಿಚ್ ಆನ್ ಇದೆಯೇ ನೋಡಿಕೊಳ್ಳಿ.

ಪ್ರಶ್ನೆ: ಟಿವಿಗೆ ಜೋಡಿಸಬಹುದೆ? (ಹೊಳೆನರಸೀಪುರ)

ಉತ್ತರ: 1000ಕ್ಕೆ ಆಗುವುದಿಲ್ಲ. 2000ದಲ್ಲಿ ಆಟಗಳು ಕಾಂಪೊನೆಂಟ್ ಕೇಬಲಿನಿಂದ (ಹಸಿರು-ನೀಲಿ-ಕೆಂಪು) ಮಾತ್ರ ಬರುತ್ತವೆ. ಹಳದಿ ಪಿನ್ನಿನ ಸಾಧಾರಣ ಕೇಬಲಿನಿಂದಲೂ ಆಟ ಬೇಕೆಂದರೆ 3000 ಇರಬೇಕು. ಟಿವಿಯ ನಡುವೆ ಚೌಕದಲ್ಲಿ ಚಿತ್ರ ಬಂದು ಸುತ್ತ ಕಪ್ಪು ಉಳಿಯುತ್ತದೆ, ಅದು ದೋಷವಲ್ಲ.

ಪ್ರಶ್ನೆ: ಕನ್ನಡ ಹಾಡು, ವಿಡಿಯೊ, ಪುಸ್ತಕದ ಪುಟ ಹಾಕಿದರೆ ಹೆಸರುಗಳ ಜಾಗದಲ್ಲಿ ಅಕ್ಷರವೇ ಬರುವುದಿಲ್ಲ. ಕನ್ನಡ ಅಕ್ಷರ ಬರಿಸುವ ದಾರಿ ಇದೆಯೆ? (ತರೀಕೆರೆ)

ಉತ್ತರ: ಪಿಎಸ್‌ಪಿಯೊಳಗೆ ಕನ್ನಡದ ಫಾಂಟೇ ಇಲ್ಲ. ಫಾಂಟು ತುರುಕಿದರೂ ಒತ್ತಕ್ಷರ, ಗುಣಿತಗಳನ್ನು ಕೂಡಿಸುವ ವ್ಯವಸ್ಥೆ ಅದರಲ್ಲಿಲ್ಲ. ಹಾಗಾಗಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಹಾಡಿನ ಕಡತದೊಳಗಿನ ಟ್ಯಾಗುಗಳನ್ನೂ ಕಂಪ್ಯೂಟರಿನಲ್ಲಿ ಹಾಗೇ ತಿದ್ದಿ, ಏಕೆಂದರೆ ಯಂತ್ರ ತೋರಿಸುವುದು ಕಡತದ ಹೆಸರನ್ನಲ್ಲ, ಟ್ಯಾಗನ್ನು. ಹಾಡು ಮ್ಯೂಸಿಕ್ ಫೋಲ್ಡರಿಗೆ, ವಿಡಿಯೊ ವಿಡಿಯೊ ಫೋಲ್ಡರಿಗೆ. ಎರಡೂ ಪಿಎಸ್‌ಪಿ ಫೋಲ್ಡರಿನ ಹೊರಗೆ.

ವಿಡಿಯೊವನ್ನು ಹ್ಯಾಂಡ್‌ಬ್ರೇಕಿನಂಥ ಉಚಿತ ತಂತ್ರಾಂಶದಲ್ಲಿ ಎಂಪಿ4, ಎಚ್.264 ಬೇಸ್‌ಲೈನ್, ಲೆವೆಲ್ 3.0, ಗಾತ್ರ 480 x 272, ಸೆಕೆಂಡಿಗೆ 30 ಚೌಕಟ್ಟು ಮೀರದಂತೆ, ಧ್ವನಿ ಎಎಸಿ 128 ಕೆಬಿಪಿಎಸ್ ಇಟ್ಟು ಪರಿವರ್ತಿಸಿ. ಪರದೆಯ ಗಾತ್ರವೇ 480 x 272, ಅದಕ್ಕಿಂತ ದೊಡ್ಡದು ಕೊಟ್ಟು ಕಾರ್ಡು ತುಂಬಿಸುವುದರಲ್ಲಿ ಲಾಭವಿಲ್ಲ.

ಪುಸ್ತಕದ ಪುಟಗಳನ್ನು ಚಿತ್ರವಾಗಿಯೇ ಓದಬೇಕು. ಪಿಡಿಎಫ್‌ನ ಪ್ರತಿ ಪುಟವನ್ನು ಜೆಪೆಗ್ ಮಾಡಿ, ಅಡ್ಡಲಾಗಿ ಮೂರು ತುಂಡು ಮಾಡಿ, ಪ್ರತಿ ತುಂಡಿನ ಅಗಲ 960 ಪಿಕ್ಸೆಲ್ ಇಟ್ಟು, 001, 002 ಎಂದು ಸಂಖ್ಯೆ ಕೊಟ್ಟು ಪಿಕ್ಚರ್ ಫೋಲ್ಡರಿಗೆ ಹಾಕಿ. ಎಲ್, ಆರ್ ಗುಂಡಿಗಳಿಂದ ಪುಟ ಹಿಂದೆ ಮುಂದೆ ತಿರುಗುತ್ತದೆ. ಸಣ್ಣ ಅಚ್ಚಿನ ಪುಸ್ತಕವಾದರೆ ನಾಲ್ಕು ತುಂಡು ಮಾಡಿ, ಒತ್ತಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ.